ಹಿಂಗಾಲಿನ ಬಾಫೋ

"ಹಿಂದಿಂದ ತಳ್ಳಬೇಡ ಕಣೇ, ನನ್ನ ಹಿಮ್ಮಡಿ ತುಳೀತಿದೀಯ," ಎಂದು ಹಸುವಿನ ಮುಂಗಾಲು ಪಿಸುಗುಟ್ಟಿತು.

"ನೀನು ನಿಂತು ನಿಂತು ಹೋದ್ರೆ ನಾನೇನು ಮಾಡ್ಲಿ? ನಂಗೇನೂ ಕಾಣ್ಸಲ್ಲ," ಎಂದಿತು ಹಿಂಗಾಲು.

ಮುಂಗಾಲು ಎಂದರೆ ಡಾರಿಯೊ ಮಾನ್ಕುಸೊ. ಹಿಂಗಾಲು ಎಂದರೆ ಹ್ಯಾಟಿ ವಾಲ್ಚೆಕ್. ಇಬ್ಬರೂ ಐದನೇ ಕ್ಲಾಸು. ಹ್ಯಾಟಿ ಬಗ್ಗಿಕೊಂಡು ಡಾರಿಯೊನ ಸೊಂಟ ಹಿಡಿದಿದ್ದಳು. ಇಬ್ಬರ ಮೇಲೂ ಕಂದು ಮಚ್ಚೆಯ ದಪ್ಪ ಬಟ್ಟೆ. ಒಳಗೆಲ್ಲ ಡಾರಿಯೊ ಮಧ್ಯಾಹ್ನ ತಿಂದಿದ್ದ ಪೀನಟ್ ಬಟರ್ ವಾಸನೆ.

ಅವತ್ತು ಡ್ರೆಸ್ ರಿಹರ್ಸಲ್. ನಾಟಕ ಅವರ ಊರಿನ ಕಥೆಯೇ. ಫರ್ನ್ ಹಾಲೋ ಎಂಬ ಆ ಊರು ಹುಟ್ಟಿದ್ದೇ ಒಂದು ಹಸುವಿನ ಹಟದಿಂದ ಎಂದು ಊರವರು ಹೇಳುತ್ತಾರೆ. ಇನ್ನೂರು ವರ್ಷದ ಹಿಂದೆ ಗಾಡಿ ಕಟ್ಟಿಕೊಂಡು ಬಂದ ಜನ ಹೊಳೆ ದಾಟಿ ಮುಂದೆ ಹೋಗಬೇಕಿತ್ತಂತೆ. ಪ್ರೂಡೆನ್ಸ್ ಎಂಬ ಹಸು ಮಾತ್ರ ಸೇತುವೆಯ ಮೇಲೆ ಕಾಲಿಡಲಿಲ್ಲವಂತೆ. ಎಳೆದೂ ಎಳೆದೂ ಸಾಕಾಗಿ ಅವರೆಲ್ಲ ಅಲ್ಲೇ ಮನೆ ಕಟ್ಟಿಕೊಂಡರಂತೆ.

ಹಿಂಗಾಲಿನ ಪಾರ್ಟನ್ನು ಹ್ಯಾಟಿ ತಾನಾಗಿಯೇ ಕೇಳಿ ಪಡೆದಿದ್ದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿದರೆ ಸಾಕು, ಅವಳಿಗೆ ಕಲಿತದ್ದೆಲ್ಲ ಮರೆತುಹೋಗುತ್ತಿತ್ತು. "ಮುಖ ಕಾಣದಿರೋ ಪಾರ್ಟ್ ಯಾವುದಾದ್ರೂ ಇದೆಯಾ ಟೀಚರ್?" ಎಂದು ಕೇಳಿದ್ದಳು. ಮಿಸೆಸ್ ಡೂಲಿ ಟೀಚರ್ ಸ್ವಲ್ಪ ಯೋಚಿಸಿ, "ಒಂದಿದೆ. ಆದ್ರೆ ಬಾಲ ನಿಂದೇ ಜವಾಬ್ದಾರಿ," ಎಂದಿದ್ದರು.

ಈಗ ಸ್ಕೂಲಿನ ಆಟದ ಹಾಲಾದ ಜಿಮ್ಮಿನಲ್ಲಿ ಮಡಚುವ ಕುರ್ಚಿಗಳ ಮೇಲೆ ಮೂರನೇ ಕ್ಲಾಸಿನ ಮಕ್ಕಳು ಕೂತಿದ್ದರು. ಅವರ ಹಿಂದೆ ಮೇಪಲ್ ಹೌಸ್ ಎಂಬ ಹಿರಿಯರ ಮನೆಯಿಂದ ವ್ಯಾನಿನಲ್ಲಿ ಬಂದ ಹನ್ನೆರಡು ಅಜ್ಜ ಅಜ್ಜಿಯರು.

ಹಸು ಸೇತುವೆಯ ಹತ್ತಿರ ಬಂತು. ಊರು ಕಟ್ಟಿದ ಅಬಿಗೈಲ್ ಅಮ್ಮನ ಪಾರ್ಟು ಮಾಡುತ್ತಿದ್ದ ಪೈಪರ್ ಹಗ್ಗ ಎಳೆದಳು. ಬರಲ್ಲ ಎಂದು ತೋರಿಸಲು ಡಾರಿಯೊ ಒಂದು ಹೆಜ್ಜೆ ಹಿಂದೆ ಇಡಬೇಕಿತ್ತು. ಅವನು ಮೂರು ಹೆಜ್ಜೆ ಇಟ್ಟ.

ಹ್ಯಾಟಿ ದೊಪ್ಪನೆ ಕುಂಡಿಯ ಮೇಲೆ ಕೂತುಬಿಟ್ಟಳು.

ಹೊರಗೆ ಜನ ಹೋ ಎಂದು ನಕ್ಕರು. ಹ್ಯಾಟಿಗೆ ಕತ್ತಲಲ್ಲಿ ಕೆನ್ನೆ ಬಿಸಿಯಾಯಿತು. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿದಳು. ಏಳೋಣ ಎಂದರೆ ಬಟ್ಟೆ ಬಿಗಿಯಾಗಿ ಹಿಡಿದುಕೊಂಡಿತ್ತು. ಚಾಚಿಕೊಂಡ ಕಾಲುಗಳನ್ನು ಏನು ಮಾಡುವುದೆಂದು ತೋಚದೆ ಒಂದರ ಮೇಲೊಂದು ಹಾಕಿಕೊಂಡಳು.

ಈ ಸಲದ ನಗು ಮೊದಲಿನಂತಿರಲಿಲ್ಲ. ಅಲೆಯ ಹಾಗೆ ಬಂದು ಸ್ಟೇಜಿಗೇ ಬಡಿಯಿತು. ಯಾರೋ ನಗುತ್ತಾ ನಗುತ್ತಾ ಕೆಮ್ಮತೊಡಗಿದರು. ತಾನು ಇನ್ನೂ ಏನು ತಪ್ಪು ಮಾಡಿದೆ ಎಂಬುದೇ ಹ್ಯಾಟಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಟೀಚರ್ ಬೋರ್ಡಿಗೆ ಕಾರ್ಡುಗಳನ್ನು ಚುಚ್ಚಿದ್ದರು. ನಾಟಕ ಹೇಗಿತ್ತು ಎಂದು ಬರೆಯಲು ಅಜ್ಜ ಅಜ್ಜಿಯರಿಗೆ ಒಂದೊಂದು ಕಾರ್ಡು ಕೊಟ್ಟಿದ್ದರು. "ಇನ್ನೂ ಜೋರಾಗಿ ಮಾತಾಡಿ" ಎಂದು ಐದು ಜನ ಬರೆದಿದ್ದರು. "ಕುರ್ಚಿ ಗಟ್ಟಿ" ಎಂದು ಒಬ್ಬರು. ಹಸಿರು ಇಂಕಿನ ಒಂದು ಕಾರ್ಡಿನಲ್ಲಿ ಹೀಗಿತ್ತು: ಹಸುವಿನ ಹಿಂಗಾಲು, ಬಾಫೋ. ಕೆಳಗೆ ಎಸ್. ಲಿಪ್ಕಿನ್ ಎಂದು ಸಹಿ.

"ಬಾಫೋ ಅಂದ್ರೇನು?" ಎಂದ ಡಾರಿಯೊ.

"ಬಫೂನ್," ಎಂದಳು ಪೈಪರ್. "ಅಷ್ಟೂ ಗೊತ್ತಾಗಲ್ವಾ? ಸರ್ಕಸ್ಸಲ್ಲಿ ಬೀಳ್ತಾ ಏಳ್ತಾ ಇರ್ತಾನಲ್ಲ. ಬಾಫೋ ಅಂದ್ರೆ ಅದ್ರ ಶಾರ್ಟ್ ಫಾರ್ಮ್."

ಯಾರೋ ಕಿಸಕ್ಕೆಂದರು. ಹ್ಯಾಟಿ ಶೆಲ್ಫಿನಿಂದ ಡಿಕ್ಷನರಿ ತೆಗೆದು ನೋಡಿದಳು. ಅದು ಮಕ್ಕಳ ಡಿಕ್ಷನರಿ. ಬೋಟ್ ಇತ್ತು, ಬಾಡಿ ಇತ್ತು. ಬಾಫೋ ಇರಲಿಲ್ಲ. ಬಫೂನ್ ಮಾತ್ರ ಇತ್ತು, ಚಿತ್ರದ ಸಮೇತ.

ಊಟದ ಹೊತ್ತಿಗೆ ಅವಳಿಗೆ ಹೊಸ ಹೆಸರು ಅಂಟಿಕೊಂಡಾಗಿತ್ತು. ಕ್ಯಾಂಟೀನಿನಲ್ಲಿ ಹಾಲಿನ ಡಬ್ಬಿಗಳ ಮುಂದೆ ಸಾಲು ನಿಂತಾಗ ಹಿಂದಿನಿಂದ ಪೈಪರಳ ದನಿ ಬಂತು. "ಬಾಫೋ, ಬಾಫೋ, ಹಾಲು ಕೊಡು." ಸಾಲಿಗೆ ಸಾಲೇ ನಕ್ಕಿತು. ಡಾರಿಯೊ ಕೂಡ ಮೊದಲು ನಕ್ಕು, ಆಮೇಲೆ ಹ್ಯಾಟಿಯ ಮುಖ ನೋಡಿ ತನ್ನ ತಟ್ಟೆ ನೋಡತೊಡಗಿದ.

ಗಂಟೆ ಹೊಡೆದ ಮೇಲೆ ಹ್ಯಾಟಿ ಟೀಚರ್ ಮೇಜಿನ ಹತ್ತಿರ ಹೋದಳು.

"ನಾನು ಹಿಂಗಾಲು ಮಾಡಲ್ಲ ಟೀಚರ್. ಬೇರೆ ಯಾರಿಗಾದ್ರೂ ಕೊಡಿ."

"ಶುಕ್ರವಾರ ನಾಟಕ. ಇವತ್ತು ಮಂಗಳವಾರ," ಎಂದರು ಮಿಸೆಸ್ ಡೂಲಿ. ಅವಳು ಬೋರ್ಡಿನ ಕಡೆ ನೋಡಿದ್ದು ಅವರಿಗೆ ಕಂಡಿತು. ಹಸಿರು ಇಂಕಿನ ಕಾರ್ಡು ಬಿಚ್ಚಿ ಅವಳ ಕೈಗೆ ಕೊಟ್ಟರು. "ನಿಮ್ಮಮ್ಮ ಮೇಪಲ್ ಹೌಸ್ ಅಡಿಗೆಮನೇಲಿ ತಾನೆ ಇರೋದು? ಬರೆದವರನ್ನೇ ಕೇಳ್ಕೊಂಡು ಬಾ. ಕೇಳಿದ್ಮೇಲೂ ಬೇಡ ಅನ್ಸಿದ್ರೆ ನಾನು ಬಲವಂತ ಮಾಡಲ್ಲ."

ಸ್ಕೂಲು ಬಿಟ್ಟ ಮೇಲೆ ಅಮ್ಮನ ಕೆಲಸ ಮುಗಿಯುವವರೆಗೂ ಹ್ಯಾಟಿ ದಿನವೂ ಅಲ್ಲೇ ಇರುತ್ತಿದ್ದಳು. ಅವತ್ತು ಡಾರಿಯೊನೂ ಜೊತೆಗೆ ಬಂದ. ಸಾರಿ ಅನ್ನಲಿಲ್ಲ. ಅವಳ ಬ್ಯಾಗು ಮಾತ್ರ ತಾನೇ ಹೊತ್ತುಕೊಂಡ.

"ಲಿಪ್ಕಿನ್ ಅವರಾ?" ಎಂದರು ಅಮ್ಮ, ಕ್ಯಾರೆಟ್ ಹೆಚ್ಚುತ್ತಾ. "ಸೂಪಿಗೆ ಉಪ್ಪಿಲ್ಲ ಅಂತ ದಿನಾ ವಾಪಸ್ ಕಳಿಸ್ತಾರಲ್ಲ, ಅವರೇ. ಕೊನೇ ರೂಮು. ಬಾಗಿಲು ಬಡಿದು ಹೋಗಿ."

ಮಿಸ್ಟರ್ ಲಿಪ್ಕಿನ್ ಕಿಟಕಿಯ ಬಳಿ ಕೂತು ಒಬ್ಬರೇ ಇಸ್ಪೀಟು ಆಡುತ್ತಿದ್ದರು. ಸಣ್ಣ ಆಳು. ಕಿವಿಗಳು ಮಾತ್ರ ದೊಡ್ಡವು. ಹ್ಯಾಟಿ ಕಾರ್ಡು ಮುಂದೆ ಹಿಡಿದಳು. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗಲಿಲ್ಲ.

"ಇವಳು ಹಿಂಗಾಲು," ಎಂದ ಡಾರಿಯೊ. "ನಾನು ಮುಂಗಾಲು. ನೀವು ಇವಳನ್ನ ಬಫೂನ್ ಅಂದ್ರಂತೆ."

"ನಾನಾ?" ಮಿಸ್ಟರ್ ಲಿಪ್ಕಿನ್ ಇಸ್ಪೀಟು ಕೆಳಗಿಟ್ಟರು. "ಕೂತ್ಕೊಳ್ಳಿ ಇಬ್ರೂ. ಎದ್ದು ನಿಂತು ಕೈ ಕುಲುಕೋಣ ಅಂದ್ರೆ ಮಂಡಿ ಕೇಳಲ್ಲ. ಬಾಫೋ ಅನ್ನೋದು ಬೈಗುಳ ಅಲ್ಲಮ್ಮ. ಈ ಬೆಟ್ಟದಲ್ಲಿ ಬೇಸಿಗೆ ಹೋಟೆಲುಗಳಿದ್ವಲ್ಲ, ಅಲ್ಲಿ ದಿನಾ ಸಾಯಂಕಾಲ ನಗಿಸೋ ಷೋ ಇರ್ತಿತ್ತು. ನಾನು ಬರ್ನಿ ಅಂತ ಇಬ್ರು. ಬರ್ನಿ ಮಾತಾಡೋನು, ನಾನು ಬೀಳೋನು. ಹತ್ತು ವರ್ಷ ಬಿದ್ದೆ. ಷೋ ಮುಗಿದ್ಮೇಲೆ ಒಳಗಡೆ ಯಾರಾದ್ರೂ ಬಂದು 'ಬಾಫೋ' ಅಂದ್ರೆ, ಅವತ್ತು ನಮ್ಗೆ ಊಟಾನೇ ಬೇಡ. ಜನ ನಕ್ಕು ನಕ್ಕು ಸುಸ್ತಾದ್ರು, ಟಿಕೆಟ್ ಒಂದೂ ಉಳೀಲಿಲ್ಲ, ನೀವು ಗೆದ್ರಿ ಅಂತ ಅರ್ಥ."

"ಗೆದ್ರಿ ಅಂತಾನಾ?" ಎಂದಳು ಹ್ಯಾಟಿ.

"ಭರ್ಜರಿಯಾಗಿ."

"ಹಾಗಿದ್ರೆ 'ಗೆದ್ರಿ' ಅಂತ್ಲೇ ಬರೀಬಹುದಿತ್ತಲ್ಲ."

"ಬರೀಬಹುದಿತ್ತು," ಎಂದರು ಮಿಸ್ಟರ್ ಲಿಪ್ಕಿನ್. "ಆದ್ರೆ ಅದು ಓಟದ ಪಂದ್ಯಕ್ಕೆ ಹೇಳೋ ಮಾತು. ಇದು ಸ್ಟೇಜಿನೋರ ಮಾತು."

"ಅದು ಎಲ್ಲಿಂದ ಬಂತು?" ಎಂದ ಡಾರಿಯೊ.

"ಅದನ್ನ ಹಿಡ್ಕೊಂಡು ನಾನೂ ಬರ್ನಿನೂ ವರ್ಷಗಟ್ಲೆ ಜಗಳ ಆಡಿದೀವಿ. ಬರ್ನಿ ಏನಂತಿದ್ದ ಗೊತ್ತಾ? ಬಾಕ್ಸ್ ಆಫೀಸ್ ಅಂತ ಬೇಗ ಬೇಗ ಹೇಳಿ ನೋಡಿ ಅಂತಿದ್ದ."

ಇಬ್ಬರೂ ಹೇಳಿದರು. ಬಾಕ್ಸ್ ಆಫೀಸ್, ಬಾಕ್ಸಾಫೀಸ್, ಬಾಫೀಸ್. ಡಾರಿಯೊನ ನಾಲಿಗೆ ತೊಡರಿ "ಬಾಫ" ಅಷ್ಟೇ ಉಳಿಯಿತು.

"ನೋಡಿದ್ರಾ? ಟಿಕೆಟ್ ಮಾರೋ ಜಾಗದ ಹೆಸರೇ ಮುರಿದು ಬಾಫೋ ಆಯ್ತು ಅಂತ ಅವನ ವಾದ. ನಾಟಕದವರ ವಾರಪತ್ರಿಕೆಯೊಂದಿತ್ತು. ಹೆಡ್‌ಲೈನಲ್ಲಿ ಜಾಗ ಸಾಲ್ದೆ ಇಂಥ ಮೋಟು ಮಾತುಗಳನ್ನ ಹಾಕಿ ಹಾಕಿ ಊರಿಗೆಲ್ಲ ಹಬ್ಬಿಸಿಬಿಟ್ರು."

"ನೀವೇನಂತಿದ್ರಿ?"

ಮಿಸ್ಟರ್ ಲಿಪ್ಕಿನ್ ಬೆನ್ನ ಹಿಂದಿನ ದಿಂಬು ಎಳೆದು ಮಡಿಲಲ್ಲಿ ಇಟ್ಟುಕೊಂಡು ಒಂದು ಗುದ್ದು ಕೊಟ್ಟರು. ಬಾಫ್ ಎಂದು ಸದ್ದು ಬಂತು.

"ಇದು. ಹೊಟ್ಟೆಗೆ ಗುದ್ದಿದ ಹಾಗೆ ಬರೋ ನಗು. ಅದನ್ನ ಬಾಫ್ ಅಂತಿದ್ವಿ. ಅದಕ್ಕೊಂದು ಬಾಲ ಸೇರಿ ಬಾಫೋ."

"ನಮ್ಮಜ್ಜಿ ಬುಫ್ಫೋ ಅಂತಾಳೆ," ಎಂದ ಡಾರಿಯೊ. "ಇಟಲಿ ಮಾತು. ತಮಾಷೆ ಅಂತ ಅರ್ಥ. ನಮ್ಮಪ್ಪ ಟೋಪಿ ಹಾಕ್ಕೊಂಡ್ರೆ ಅಂತಾಳೆ."

"ಅದನ್ನೂ ಹೇಳೋರಿದಾರೆ. ನಿಮ್ಮ ಆ ಬಫೂನ್ ಕೂಡ ಅದೇ ಮನೇದು. ಇದ್ರಲ್ಲಿ ಯಾವುದು ನಿಜ ಅಂತ ಯಾರಿಗೂ ಗಟ್ಟಿಯಾಗಿ ಗೊತ್ತಿಲ್ಲ. ದೊಡ್ಡ ಡಿಕ್ಷನರಿ ಬರೆದೋರೂ 'ಇರಬಹುದು' ಅಂತ ಹೇಳಿ ಜಾರ್ಕೊಂಡಿದಾರೆ."

ಹ್ಯಾಟಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಆದ್ರೆ ನಾನು ಬಿದ್ದೆ ಅಷ್ಟೇ," ಎಂದಳು. "ಬೇಕು ಅಂತ ಬೀಳ್ಲಿಲ್ಲ. ಎಲ್ರೂ ನಕ್ರು."

"ಬಿದ್ದಾಗ ನಕ್ಕಿದ್ದು ಲೆಕ್ಕಕ್ಕಿಲ್ಲ. ಯಾರು ಬಿದ್ರೂ ಜನ ನಗ್ತಾರೆ. ಆಮೇಲೆ ಒಂದು ಘಳಿಗೆ ಸುಮ್ನಿದ್ದೆ. ಆಮೇಲೆ ರಾಣಿ ಥರ ಕಾಲ ಮೇಲೆ ಕಾಲು ಹಾಕ್ಕೊಂಡೆ. ಆಗ ಬಂತಲ್ಲ ನಗು, ಅದು ಬಾಫ್. ನನ್ನ ಪಕ್ಕದಲ್ಲಿ ಕೂತಿದ್ದ ಮಿಸೆಸ್ ಓಡೆಲ್ ಕೆಮ್ಮಿ ಕೆಮ್ಮಿ ನೀರು ಕುಡಿಬೇಕಾಯ್ತು. ಆ ಘಳಿಗೆ ಸುಮ್ನಿರೋದಿದೆಯಲ್ಲ, ಅದನ್ನ ಕಲಿಯೋಕೆ ನಂಗೆ ಎರಡು ವರ್ಷ ಹಿಡೀತು. ನಿಂಗೆ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಮೂರು ಎಣಿಸಿದೆ."

"ಯಾಕೆ?"

ಹ್ಯಾಟಿ ಡಾರಿಯೊನ ಕಡೆ ನೋಡಲಿಲ್ಲ. "ಅಳು ಬರದೇ ಇರ್ಲಿ ಅಂತ."

ಮಿಸ್ಟರ್ ಲಿಪ್ಕಿನ್ ದಿಂಬನ್ನು ಮತ್ತೆ ಬೆನ್ನ ಹಿಂದೆ ಇಟ್ಟುಕೊಂಡರು. "ನಾನೂ ಶುರು ಮಾಡಿದ್ದು ಅದಕ್ಕೇ," ಎಂದರು.

ಅಡಿಗೆಮನೆಯಿಂದ ಈರುಳ್ಳಿ ಬೇಯುವ ವಾಸನೆ ಬರತೊಡಗಿತು. ಹೊರಡುವಾಗ ಮಿಸ್ಟರ್ ಲಿಪ್ಕಿನ್ ಹಿಂದಿನಿಂದ ಕೂಗಿ ಹೇಳಿದರು. "ಶುಕ್ರವಾರ ಬೀಳೋದಾದ್ರೆ ಒಂದೇ ಸಲ ಬೀಳು. ಎರಡನೇ ಸಲ ಬಿದ್ರೆ ಜನ ನಗಲ್ಲ, ಡಾಕ್ಟರನ್ನ ಕರೀತಾರೆ."

ಬುಧವಾರ ಹ್ಯಾಟಿ ತಾನೇ ಹಿಂಗಾಲು ಮಾಡುತ್ತೇನೆ ಎಂದಳು, ಮಿಸೆಸ್ ಡೂಲಿ ಆ ಬೀಳುವುದನ್ನು ನಾಟಕದೊಳಗೇ ಸೇರಿಸಿದರು. ಕೊನೆಯ ದೃಶ್ಯ, ಸೇತುವೆಯ ಮುಂದೆ. ಹಸು ಕೂರಬೇಕು, ಕಾಲ ಮೇಲೆ ಕಾಲು ಹಾಕಬೇಕು, ಆಗ ಪೈಪರ್ "ಸರಿ ಹಾಗಾದರೆ, ಇಲ್ಲೇ ಊರು ಕಟ್ಟೋಣ" ಎನ್ನಬೇಕು. ಹ್ಯಾಟಿ ಜಿಮ್ಮಿನ ಚಾಪೆಯ ಮೇಲೆ ಇಪ್ಪತ್ತು ಸಲ ಬಿದ್ದಳು. ಎಲ್ಲಿ ಪೆಟ್ಟಾಗುವುದಿಲ್ಲ ಎಂಬುದು ಹದಿನೈದನೇ ಸಲಕ್ಕೆ ತಿಳಿಯಿತು. "ಬಾಫೋ ಅಂದ್ರೆ ಭರ್ಜರಿ ಅಂತೆ," ಎಂದು ಡಾರಿಯೊ ಕ್ಲಾಸಿನವರಿಗೆಲ್ಲ ಹೇಳುತ್ತಾ ತಿರುಗಿದ. ಕೆಲವರು ನಂಬಿದರು. ಪೈಪರ್ ಮಾತ್ರ, "ಅಜ್ಜಂದಿರು ಏನಾದ್ರೂ ಹೇಳ್ತಾರೆ," ಎಂದಳು.

ಶುಕ್ರವಾರ ಸಾಯಂಕಾಲ ಆರು ಗಂಟೆಗೆ ಜಿಮ್ಮಿನಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಅಪ್ಪಂದಿರು ಗೋಡೆಗೆ ಒರಗಿ ನಿಂತಿದ್ದರು. ಮೇಪಲ್ ಹೌಸಿನವರು ಈ ಸಲ ದಿಂಬು ತಂದಿದ್ದರು.

ಪರದೆ ಸರಿಯಿತು. ಪೈಪರ್ ಬಿಳಿ ಟೋಪಿ ಹಾಕಿಕೊಂಡು ಮುಂದೆ ಬಂದಳು. ಪಕ್ಕದಲ್ಲಿ ಹಸು. ನಾಟಕದಲ್ಲೇ ಉದ್ದದ ಮಾತು ಪೈಪರಳದು, ಅದು ಶುರುವಿನಲ್ಲೇ ಇತ್ತು.

"ನಲವತ್ತು ದಿನ ನಡೆದೆವು," ಎಂದಳು ಪೈಪರ್. "ಮಳೆಯಲ್ಲಿ ನಡೆದೆವು, ಕೆಸರಿನಲ್ಲಿ ನಡೆದೆವು. ನಮ್ಮ ಹತ್ತಿರ..."

ಅಷ್ಟಕ್ಕೇ ನಿಂತಿತು.

ಬಟ್ಟೆಯೊಳಗೆ ಹ್ಯಾಟಿ ಕಿವಿ ನಿಮಿರಿಸಿದಳು. ನಮ್ಮ ಹತ್ತಿರ ಎರಡು ಗಾಡಿ, ಒಂದು ಕೊಡಲಿ, ಒಂದು ಹಸು. ಅದು ಹ್ಯಾಟಿಗೂ ಬಾಯಿಪಾಠ ಆಗಿತ್ತು. ಪೈಪರ್ ಹೇಳಲಿಲ್ಲ. ಪರದೆಯ ಪಕ್ಕದಿಂದ ಮಿಸೆಸ್ ಡೂಲಿ "ಎರಡು ಗಾಡಿ" ಎಂದು ಪಿಸುಗುಟ್ಟಿದ್ದು ಕೇಳಿಸಿತು. ಆದರೂ ಪೈಪರ್ ಹೇಳಲಿಲ್ಲ. ಕುರ್ಚಿಯೊಂದು ಕಿರುಗುಟ್ಟಿತು. ಯಾರೋ ಮಗುವಿಗೆ ಶ್ ಎಂದರು.

ಆ ಮೌನ ಎಂಥದೆಂದು ಹ್ಯಾಟಿಗೆ ಗೊತ್ತಿತ್ತು. ಅದರೊಳಗೆ ನಿಂತರೆ ನೆಲ ತುಂಬಾ ಕೆಳಗಿದ್ದಂತೆ, ದೀಪಗಳು ತುಂಬಾ ಹತ್ತಿರ ಬಂದಂತೆ ಆಗುತ್ತದೆ.

"ಏನಾಯ್ತು ಅವಳಿಗೆ?" ಡಾರಿಯೊ ಪಿಸುಗುಟ್ಟಿದ.

"ನೀನು ಗಟ್ಟಿಯಾಗಿ ನಿಂತಿರು. ನಾನು ಬೀಳ್ತೀನಿ."

"ಈಗ್ಲಾ? ಇನ್ನೂ ಸೇತುವೇನೇ ಬಂದಿಲ್ಲ."

"ಗೊತ್ತು."

"ಒಂದೇ ಸಲ ಅಂದಿದಾರೆ. ಕೊನೇಗೆ ಏನ್ ಮಾಡ್ತೀಯ? ಅಷ್ಟಕ್ಕೂ ಅವಳೇ ನಿನ್ನ..."

"ಗೊತ್ತು ಕಣೋ."

ಇಪ್ಪತ್ತು ಸಲ ಬಿದ್ದದ್ದು ಹ್ಯಾಟಿಗೆ ನೆನಪಾಯಿತು. ಸೇತುವೆಯ ಮುಂದೆ ಇಡೀ ಜಿಮ್ಮು ನಗುವುದನ್ನು ಎರಡು ದಿನದಿಂದ ಅವಳು ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದಳು. ಹಾಲಿನ ಡಬ್ಬಿಯ ಸಾಲೂ ನೆನಪಾಯಿತು. ಹೊರಗೆ ಪೈಪರ್ ಒಮ್ಮೆ ಉಸಿರೆಳೆದುಕೊಂಡಳು, ಆ ಉಸಿರು ನಡುಗಿತು.

ಹ್ಯಾಟಿ ಡಾರಿಯೊನ ಸೊಂಟ ಬಿಟ್ಟು ದೊಪ್ಪನೆ ಕೂತಳು.

ಜನ ನಕ್ಕರು. ಹ್ಯಾಟಿ ಎಣಿಸಿದಳು. ಒಂದು. ಎರಡು. ಮೂರು. ಆಮೇಲೆ ನಿಧಾನವಾಗಿ, ಆರಾಮವಾಗಿ, ಕಾಲ ಮೇಲೆ ಕಾಲು ಹಾಕಿಕೊಂಡಳು. ಅಷ್ಟು ಸಾಲದೆಂದು ಪಾದವನ್ನೂ ಒಮ್ಮೆ ಆಡಿಸಿದಳು.

ಬಾಫ್. ನಗು ಗೋಡೆಯಿಂದ ಗೋಡೆಗೆ ಹೊಡೆಯಿತು. ಗೋಡೆಗೆ ಒರಗಿದ್ದ ಅಪ್ಪಂದಿರೂ ನಕ್ಕರು, ಮಿಸೆಸ್ ಓಡೆಲ್ ಕೆಮ್ಮಿದರು. ಆ ಗದ್ದಲದಲ್ಲಿ ಮಿಸೆಸ್ ಡೂಲಿ ಪಿಸುಗುಟ್ಟುವುದು ಬಿಟ್ಟು ಜೋರಾಗಿಯೇ "ಎರಡು ಗಾಡಿ, ಒಂದು ಕೊಡಲಿ" ಎಂದರು. ಪೈಪರಳನ್ನು ಬಿಟ್ಟು ಬೇರೆ ಯಾರಿಗೂ ಅದು ಕೇಳಿಸಲಿಲ್ಲ.

ನಗು ಇಳಿಯಿತು. "ನಮ್ಮ ಹತ್ತಿರ ಎರಡು ಗಾಡಿ, ಒಂದು ಕೊಡಲಿ, ಒಂದು ಹಸು," ಎಂದಳು ಪೈಪರ್. ದನಿ ಇನ್ನೂ ಸಣ್ಣಗಿತ್ತು. ಆಮೇಲೆ ನಾಟಕದ ಪುಸ್ತಕದಲ್ಲಿ ಇಲ್ಲದ ಒಂದು ಮಾತು ಅವಳ ಬಾಯಿಂದ ಬಂತು. "ಅದಕ್ಕೂ ನಮ್ಮಷ್ಟೇ ಸಾಕಾಗಿದೆ ನೋಡಿ."

ಜನ ಚಪ್ಪಾಳೆ ತಟ್ಟಿದರು. ಮುಂದಿನದೆಲ್ಲ ಸರಾಗವಾಗಿ ಸಾಗಿತು.

ಕೊನೆಗೆ ಸೇತುವೆಯ ಮುಂದೆ ಹಸು ಬೀಳಲಿಲ್ಲ. ಸುಮ್ಮನೆ ನಿಂತಿತು. ಡಾರಿಯೊ ತನಗೆ ತೋಚಿದಂತೆ ಉದ್ದಕ್ಕೆ ಒಂದು "ಅಂಬಾ" ಎಂದ. ಅಲ್ಲಲ್ಲಿ ಮೂರು ನಾಲ್ಕು ಜನ ನಕ್ಕರು. "ಸರಿ ಹಾಗಾದರೆ," ಎಂದಳು ಪೈಪರ್. ಊರು ಹುಟ್ಟಿತು.

ಆಮೇಲೆ ಎಲ್ಲರಿಗೂ ಸೇಬಿನ ರಸ, ಕುಕೀಸ್. ಹ್ಯಾಟಿಯ ಅಮ್ಮ ಅವಳ ಬೆವೆತ ಕೂದಲನ್ನು ಕೈಯಿಂದ ಸವರಿ, "ಒಳಗೆ ಉಸಿರಾಡೋಕೆ ಆಗ್ತಿತ್ತಾ ಚಿನ್ನ?" ಎಂದರು. ಮಿಸ್ಟರ್ ಲಿಪ್ಕಿನ್ ವಾಕರ್ ಊರಿಕೊಂಡು ನಿಧಾನವಾಗಿ ಬಂದರು.

"ತಪ್ಪು ಜಾಗದಲ್ಲಿ ಬಿದ್ದೆ," ಎಂದರು.

"ಹೂಂ," ಎಂದಳು ಹ್ಯಾಟಿ. "ಅಲ್ಲೇ ಬೇಕಿತ್ತು."

ಮಿಸ್ಟರ್ ಲಿಪ್ಕಿನ್ ಜಿಮ್ಮಿನ ಆ ಮೂಲೆ ನೋಡಿದರು. ಅಲ್ಲಿ ಪೈಪರ್ ತನ್ನ ಅಪ್ಪ ಅಮ್ಮನ ನಡುವೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಳು.

"ಬರ್ನಿನೂ ಒಂದ್ಸಲ ಹಾಗೇ ನಿಂತುಬಿಟ್ಟಿದ್ದ," ಎಂದರು. "ಮುನ್ನೂರು ಜನ ಇದ್ರು. ನಾನು ಬೀಳಬಹುದಿತ್ತು. ಪೋಸ್ಟರಲ್ಲಿ ಅವನ ಹೆಸರು ನಂದಕ್ಕಿಂತ ದೊಡ್ಡಕ್ಷರದಲ್ಲಿತ್ತು. ಅದಕ್ಕೆ ನಾನು ಸುಮ್ನೆ ನೋಡ್ತಾ ನಿಂತಿದ್ದೆ." ಕುಕಿಯನ್ನು ಒಂದು ಚೂರು ಕಚ್ಚಿದರು. "ಇದಕ್ಕೂ ಉಪ್ಪಿಲ್ಲ," ಎಂದು ಹೇಳಿ ವ್ಯಾನಿನ ಕಡೆ ಹೊರಟರು.

ಜನ ಕರಗಿದ ಮೇಲೆ ಹ್ಯಾಟಿ ಸ್ಟೇಜಿನ ಹಿಂದೆ ಹೋದಳು. ಡಾರಿಯೊನನ್ನು ಅವನ ಅಜ್ಜಿ ಆಗಲೇ ಕರೆದುಕೊಂಡು ಹೋಗಿದ್ದರು. ಹಸು ನೆಲದ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಅಷ್ಟು ದೊಡ್ಡ ಬಟ್ಟೆಯನ್ನು ಒಬ್ಬಳೇ ಮಡಚಲು ಆಗುತ್ತಿರಲಿಲ್ಲ. ಒಂದು ತುದಿ ಹಿಡಿದರೆ ಇನ್ನೊಂದು ಜಾರುತ್ತಿತ್ತು.

ಬಾಗಿಲಲ್ಲಿ ಪೈಪರ್ ಬಂದು ನಿಂತಳು.

"ಅದ್ರೊಳಗಿಂದ ಏನಾದ್ರೂ ಕಾಣ್ಸತ್ತಾ?" ಎಂದು ಕೇಳಿದಳು.

"ಏನೂ ಕಾಣ್ಸಲ್ಲ."

"ಮತ್ತೆ ನಿಂಗೆ ಹೇಗೆ ಗೊತ್ತಾಯ್ತು?"

"ಕೇಳಿಸ್ತು."

"ನಾನು ಮಾತೇ ಆಡ್ಲಿಲ್ವಲ್ಲ."

"ಅದೇ ಕೇಳಿಸ್ತು," ಎಂದಳು ಹ್ಯಾಟಿ.

ಪೈಪರ್ ಬಗ್ಗಿ ಬಟ್ಟೆಯ ಇನ್ನೊಂದು ತುದಿ ಎತ್ತಿಕೊಂಡಳು. ಇಬ್ಬರೂ ಬಟ್ಟೆಯನ್ನು ಎಳೆದು ಬಿಗಿ ಮಾಡಿದರು, ಅರ್ಧಕ್ಕೆ ಮಡಚಿದರು, ಹತ್ತಿರ ಬಂದರು. ತುದಿಗೆ ತುದಿ ಸೇರಿಸುವಾಗ ಪೈಪರಳ ಬೆರಳು ಹ್ಯಾಟಿಯ ಕೈಗೆ ತಾಗಿತು. ಆ ಬೆರಳು ಇನ್ನೂ ಮಂಜಿನ ಹಾಗೆ ತಣ್ಣಗಿತ್ತು.

ಹ್ಯಾಟಿ ಅದನ್ನು ಗಮನಿಸದವಳಂತೆ ಮುಂದಿನ ಮಡಿಕೆ ಹಿಡಿದಳು, ಅವಸರ ಮಾಡಲಿಲ್ಲ.